ಮೊಮ್ಮಗು ಯಾರನ್ನು ಏನಂತ ಕರೆಯಬೇಕು? ಬೀಗರು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಾರೆ

ಸಾಲಗಾಮೆ ರಸ್ತೆ

ಎಲ್ಲರಿಗೂ ನಮಸ್ಕಾರ. ವಿಷಯ ಚಿಕ್ಕದು. ಆದರೆ ನಮ್ಮ ಮನೆಯಲ್ಲಿ ದೊಡ್ಡದಾಗಿ ಕೂತಿದೆ.

ಮಗಳಿಗೆ ಏಳು ತಿಂಗಳು ತುಂಬಿದೆ. ಮೊದಲ ಹೆರಿಗೆ, ಹಾಗಾಗಿ ಬಾಣಂತನ ಹಾಸನದಲ್ಲಿ, ನಮ್ಮ ಮನೆಯಲ್ಲೇ. ಬೀಗರು ಕೊಪ್ಪದ ಕಡೆಯವರು. ಅಡಿಕೆ, ಕಾಫಿ ಎರಡೂ ಇದೆ. ಒಳ್ಳೆಯ ಜನ, ಅದರಲ್ಲಿ ಎರಡು ಮಾತಿಲ್ಲ. ಸೀಮಂತದ ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವಾಗ ಬೀಗಿತ್ತಿ ಹೇಳಿದರು: "ನಮ್ಮಲ್ಲಿ ಮೊಮ್ಮಕ್ಕಳು ನನ್ನನ್ನ ಅಮ್ಮ ಅಂತಲೇ ಕರೆಯೋದು. ಇವರನ್ನ ಅಜ್ಜಯ್ಯ ಅಂತಾರೆ. ಅಜ್ಜಿ, ತಾತ ನೀವು ಇಟ್ಕೊಳ್ಳಿ."

ಇಟ್ಕೊಳ್ಳಿ ಅಂದ್ರೆ? ಸೀಮಂತಕ್ಕೆ ಬಂದವರಿಗೆ ಬ್ಲೌಸ್ ಪೀಸ್ ಹಂಚಿದ ಹಾಗಾಯಿತು.

ನಮ್ಮ ಮನೆಯಲ್ಲಿ ಅಜ್ಜಿ ಅಂದರೆ ನಮ್ಮತ್ತೆ. ಎಂಬತ್ತು ದಾಟಿದೆ, ಗಟ್ಟಿಯಾಗಿದ್ದಾರೆ. ನನ್ನ ಮಕ್ಕಳು, ಪಕ್ಕದ ಮನೆಯವರು, ಹಾಲು ಹಾಕುವ ಹುಡುಗ, ಎಲ್ಲರಿಗೂ ಅವರೇ ಅಜ್ಜಿ. ಅವರಿರುವಾಗ ನಾನು ಹೇಗೆ ಅಜ್ಜಿ ಆಗಲಿ? ನಮ್ಮ ಯಜಮಾನರಿಗೆ ತಾತ ಅನ್ನಿಸಿಕೊಳ್ಳೋಕೆ ಸುತರಾಂ ಇಷ್ಟವಿಲ್ಲ. ಇನ್ನೂ ಶಟಲ್ ಆಡುತ್ತೇನೆ, ಈಗಲೇ ತಾತನಾ ಅಂತಾರೆ.

ಇದೆಲ್ಲ ಹೋಗಲಿ. ಮಗು ಬೀಗಿತ್ತಿಯನ್ನು ಅಮ್ಮ ಅಂದರೆ ಹೆತ್ತವಳನ್ನು ಏನನ್ನಬೇಕು? ಮಗಳನ್ನೇ ಕೇಳಿದೆ. "ಮಮ್ಮಿ ಅನ್ನಲಿ ಬಿಡಮ್ಮ, ಏನೀಗ" ಅಂದಳು. ಅವಳಿಗೆ ಬೇಜಾರಿಲ್ಲ. ನನಗೆ ರಾತ್ರಿ ನಿದ್ದೆ ಬರಲಿಲ್ಲ.

ನಿಮ್ಮ ಮನೆಗಳಲ್ಲಿ ಏನು ಮಾಡಿದ್ರಿ? ಮಗು ಹುಟ್ಟೋಕೆ ಮೊದಲೇ ಇದೆಲ್ಲ ಯಾಕೆ ಅಂತ ಮಾತ್ರ ಬೈಬೇಡಿ.

ಬೇಲೂರು ಮೇಷ್ಟ್ರು

ಮೇಡಂ, ಊರಿನ ಹೆಸರು ಸೇರಿಸಿ. ಮುಗಿಯಿತು. ಕನ್ನಡದಲ್ಲಿ ಅಪ್ಪನ ಅಮ್ಮನೂ ಅಜ್ಜಿ, ಅಮ್ಮನ ಅಮ್ಮನೂ ಅಜ್ಜಿ. ಹಾಗಾಗಿ ಬೇರೆ ಮಾಡೋಕೆ ನಮಗೆ ಊರೇ ಗತಿ. ನಮ್ಮ ಮನೆಯಲ್ಲಿ ಹಳೇಬೀಡು ಅಜ್ಜಿ, ಅರಸೀಕೆರೆ ಅಜ್ಜಿ ಅಂತ ಇಬ್ಬರು. ಯಾರಿಗೂ ಬೇಜಾರಿಲ್ಲ, ಯಾರೂ ಹೆಚ್ಚಲ್ಲ, ಯಾರೂ ಕಡಿಮೆ ಅಲ್ಲ.

ಒಂದೇ ತೊಂದರೆ. ಅರಸೀಕೆರೆ ಅಜ್ಜಿ ಮಗನ ಜೊತೆ ಮೈಸೂರಿಗೆ ಹೋಗಿ ಎಷ್ಟೋ ವರ್ಷವಾಯಿತು. ಈಗಲೂ ಮಕ್ಕಳು "ರಜೆಗೆ ಮೈಸೂರಿಗೆ ಹೋಗ್ತೀವಿ, ಅರಸೀಕೆರೆ ಅಜ್ಜಿ ಮನೆಗೆ" ಅಂತಾರೆ. ಕೇಳಿದವರು ತಲೆ ಕೆರೆದುಕೊಳ್ಳುತ್ತಾರೆ.

ಪೆನ್ಷನ್ ಮೊಹಲ್ಲಾ

ನಮ್ಮಲ್ಲಿ ಈ ಜಗಳ ಕಡಿಮೆ ಮೇಡಂ. ಅಪ್ಪನ ಕಡೆ ದಾದಾ, ದಾದಿ. ಅಮ್ಮನ ಕಡೆ ನಾನಾ, ನಾನಿ. ಹುಟ್ಟೋಕೆ ಮೊದಲೇ ಸೀಟು ರಿಸರ್ವ್ ಆಗಿರುತ್ತೆ. ಹಾಗಂತ ತಕರಾರೇ ಇಲ್ಲ ಅಂದುಕೊಳ್ಳಬೇಡಿ. ನಮ್ಮಕ್ಕ ಆಸ್ಪತ್ರೆಯಲ್ಲಿ ನರ್ಸ್. ಮಗನಿಗೆ ಮಗು ಆಯಿತು. "ಡ್ಯೂಟಿಯಲ್ಲೂ ದಾದಿ, ಮನೆಯಲ್ಲೂ ದಾದಿ, ನನಗೆ ರಜೆ ಯಾವಾಗ?" ಅಂತ ಕೇಳ್ತಾಳೆ.

ಸೊಸೆಯ ಖಾತೆ

ಅಕ್ಕಾ, ನಿಮ್ಮ ಮಗಳು ಈಗ ಬಿಡಮ್ಮ ಅಂತಾಳೆ. ನಾನೂ ಹಾಗೇ ಅಂದಿದ್ದೆ.

ನಮ್ಮ ಮನೆಯಲ್ಲಿ ಅತ್ತೆ ಅಮ್ಮ, ನಾನು ಮಮ್ಮಿ. ಮೊದಲು ಏನೂ ಅನ್ನಿಸಲಿಲ್ಲ. ಮಗುವಿಗೆ ಜ್ವರ ಬಂದಾಗ ಮಧ್ಯರಾತ್ರಿ ಎದ್ದು "ಅಮ್ಮ ಬೇಕು" ಅಂತ ಅಳುತ್ತೆ. ನಾನು ಪಕ್ಕದಲ್ಲೇ ಇರುತ್ತೇನೆ. ಅತ್ತೆ ಎದ್ದು ಬಂದು ಎತ್ತಿಕೊಳ್ಳುತ್ತಾರೆ. ಅವರದ್ದು ತಪ್ಪಲ್ಲ, ಮಗು ಕರೆದಿದ್ದೇ ಅವರನ್ನು. ಬಾಯಲ್ಲಿ ಹೇಳಿಕೊಳ್ಳೋಕೆ ಆಗದ ಸಂಕಟ ಅದು. ಯಾರಿಗಾದರೂ ಹೇಳಿದರೆ "ಇಷ್ಟಕ್ಕೆಲ್ಲ ಅಳ್ತಾರಾ" ಅಂತಾರೆ.

ಎಲ್ಲರ ಮನೆಯಲ್ಲೂ ಹೀಗೇ ಆಗುತ್ತೆ ಅನ್ನಲ್ಲ. ಆದರೆ ನಿಮ್ಮ ನಿದ್ದೆ ಸುಮ್ನೆ ಹೋಗಿದ್ದಲ್ಲ.

ಹಳೇ ಜಗಲಿ

ಮಗಳೇ, ನಿನ್ನ ಸಂಕಟ ಅರ್ಥವಾಗುತ್ತೆ. ಆದರೆ ಅಜ್ಜಿಗೆ ಅಮ್ಮ ಅನ್ನೋದು ಅತ್ತೆಯರು ಕಸಿದುಕೊಂಡಿದ್ದಲ್ಲ. ಬಹಳ ಹಳೆಯ ರೂಢಿ. ನಾನು ಚನ್ನರಾಯಪಟ್ಟಣದ ಕಡೆ ಕೂಡು ಕುಟುಂಬದಲ್ಲಿ ಬೆಳೆದವಳು. ನಾವು ಅಪ್ಪನನ್ನು ಅಣ್ಣ ಅಂತ ಕರೆಯುತ್ತಿದ್ದೆವು. ಯಾಕೆ? ಚಿಕ್ಕಪ್ಪಂದಿರು, ಅತ್ತೆಯರು ಎಲ್ಲರೂ ಅವರನ್ನು ಅಣ್ಣ ಅನ್ನುತ್ತಿದ್ದರು. ಅಜ್ಜಿಯನ್ನು ಅಪ್ಪ, ಚಿಕ್ಕಪ್ಪ ಎಲ್ಲ ಅವ್ವ ಅನ್ನುತ್ತಿದ್ದರು, ನಮಗೂ ಅವ್ವ. ತಾತ ನಮಗೆ ಅಪ್ಪ. ಹೆತ್ತವಳನ್ನು ನಮ್ಮಲ್ಲಿ ಅಕ್ಕ ಅಂದವರೂ ಇದ್ದಾರೆ. ಹಳೇ ಮೈಸೂರು ಕಡೆ ಇಂಥ ಮನೆಗಳು ಬೇಕಾದಷ್ಟು. ಸ್ಕೂಲಿನಲ್ಲಿ "ನಿಮ್ಮಣ್ಣ ಏನು ಕೆಲಸ ಮಾಡ್ತಾರೆ" ಅಂತ ಕೇಳಿದರೆ ಅಪ್ಪನ ಕೆಲಸ ಹೇಳುತ್ತಿದ್ದೆವು.

ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಮಗು ಕೇಳಿದ್ದನ್ನು ಅನ್ನುತ್ತೆ, ಅಷ್ಟೇ. ಅವ್ವ ಅಂದವರೆಲ್ಲ ಹೆತ್ತವಳನ್ನು ಮರೆತರು ಅಂತ ನಾನಂತೂ ನೋಡಿಲ್ಲ.

ಸೊಸೆಯ ಖಾತೆ

ಅಮ್ಮಾ, ನಿಮ್ಮ ಕಾಲದಲ್ಲಿ ಹೆತ್ತವಳಿಗೂ ಮನೆಯಲ್ಲೇ ಒಂದು ಪದ ಇತ್ತು, ಅಕ್ಕ ಅಂತ. ನನಗೆ ಸಿಕ್ಕಿದ್ದು ಟಿವಿಯಿಂದ ಬಂದ ಮಮ್ಮಿ. ಅದಕ್ಕೇ ಚುಚ್ಚೋದು.

ಹಳೇ ಜಗಲಿ

ಅದು ನಿಜ ಕಣವ್ವ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಮಾತಿನ ಮನೆ

ಮಕ್ಕಳ ಮಾತಿಗೆ ಸಂಬಂಧಪಟ್ಟ ಕೆಲಸ ನನ್ನದು. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಆರೇಳು ತಿಂಗಳಿಗೆ ಮಕ್ಕಳು ಒಂದೇ ಶಬ್ದ ಮತ್ತೆ ಮತ್ತೆ ಹೇಳೋಕೆ ಶುರು ಮಾಡುತ್ತವೆ. ಬಬಬ, ಮಮಮ, ತತತ. ತುಟಿ ಸೇರಿಸಿ ಹೇಳುವ ಪ, ಬ, ಮ ಸುಲಭ. ತ, ದ ಕೂಡ ಬೇಗ ಬರುತ್ತೆ. ಅರ್ಥ ಇಟ್ಟುಕೊಂಡು ಹೇಳುವ ಮೊದಲ ಮಾತು ಸುಮಾರು ವರ್ಷದ ಹೊತ್ತಿಗೆ. ಈಗ ನಮ್ಮ ಪದಗಳನ್ನು ನೋಡಿ. ಅಮ್ಮ, ಅಪ್ಪ, ತಾತ, ಮೂರೂ ಮಗುವಿನ ಬಾಯಿಗೆ ಸಲೀಸು. ಅಜ್ಜಿ ಕಷ್ಟ. ಜ ಹೇಳೋಕೆ ನಾಲಿಗೆಯನ್ನು ಮೇಲೆ ಒತ್ತಿ ಮೆಲ್ಲಗೆ ಬಿಡಬೇಕು, ಅದೂ ಒತ್ತಕ್ಷರ. ಹಾಗಾಗಿ ಅದ್ದಿ, ಅಚ್ಚಿ, ಅಯ್ಯಿ ಅಂತೆಲ್ಲ ಆಗುತ್ತೆ.

ಇದರಿಂದ ಮನೆಯಲ್ಲಿ ಒಂದು ತಮಾಷೆ ನಡೆಯುತ್ತೆ. ಮಗು ಸುಮ್ಮನೆ ತ ತ ತ ಅಂತ ಆಡುತ್ತಿರುತ್ತೆ. ತಾತ ಓಡಿ ಬಂದು "ನೋಡಿ, ಮೊದಲು ನನ್ನನ್ನೇ ಕರೆದದ್ದು" ಅಂತ ಊರಿಗೆಲ್ಲ ಫೋನ್ ಮಾಡುತ್ತಾರೆ. ಮಗು ಅವರ ಖುಷಿ ನೋಡಿ ಇನ್ನೊಂದು ಸಲ ಅನ್ನುತ್ತೆ. ಪದ ಅಂಟಿಕೊಳ್ಳುತ್ತೆ. ಪಾಪ ಅಜ್ಜಿ, ಎಣ್ಣೆ ಸ್ನಾನ ಮಾಡಿಸಿದವರು ಅವರು, ಆದರೆ ಅವರ ಸರದಿ ಕೊನೆಗೆ.

ಇನ್ನೊಂದು ವಿಷಯ. "ನನ್ನನ್ನು ಹೀಗೆ ಕರಿ" ಅಂತ ಮಗುವಿಗೆ ಹೇಳಿಕೊಟ್ಟರೆ ನಡೆಯೋದು ಕಡಿಮೆ. ಮನೆಯವರು ಮಗುವಿನ ಎದುರು ನಿಮ್ಮ ಬಗ್ಗೆ ಏನಂತ ಹೇಳುತ್ತಾರೋ ಅದು ನಿಲ್ಲುತ್ತೆ. ನಿಮ್ಮ ಮಗಳು "ಅಮ್ಮಾ, ಸ್ವಲ್ಪ ಮಗು ಹಿಡಿ" ಅಂತಲೇ ಕೂಗುತ್ತಿದ್ದರೆ ಮಗುವಿಗೆ ನೀವೂ ಅಮ್ಮನೇ ಆಗುತ್ತೀರಿ. "ಅಜ್ಜಿ ಹತ್ರ ಹೋಗ್ತೀಯಾ" ಅಂತ ದಿನಾ ಕೇಳಿದರೆ ಅಜ್ಜಿ. ಹಾಗಾಗಿ ಅಭ್ಯಾಸ ಮಾಡಬೇಕಾದ್ದು ದೊಡ್ಡವರು.

ಊರ ಕಟ್ಟೆ

ಜನಕ್ಕೆ ಕೆಲಸ ಇಲ್ಲ. ಮಗು ಚೆನ್ನಾಗಿ ಹುಟ್ಟಲಿ ಮೊದಲು.

ಸಾಲಗಾಮೆ ರಸ್ತೆ

ಇದನ್ನೇ ಬೈಬೇಡಿ ಅಂದಿದ್ದು ನಾನು.

ಕೊಪ್ಪದ ಮಳೆ

ನಮ್ಮೂರಿನ ಹೆಸರು ಬಂತಲ್ಲ, ಸುಮ್ಮನಿರೋಕೆ ಆಗಲಿಲ್ಲ. ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ ಕಡೆ ಅಜ್ಜಯ್ಯ ಅನ್ನೋದು ಬಹಳ ಮನೆಗಳಲ್ಲಿದೆ. ನಿಮ್ಮ ಬೀಗರು ಹೊಸದಾಗಿ ಹುಟ್ಟಿಸಿದ್ದಲ್ಲ. ಅಮ್ಮನ ತಾಯಿಗೆ ಅಮ್ಮಮ್ಮ ಅನ್ನುವ ಮನೆಗಳೂ ಇವೆ. ಯೋಚನೆ ಮಾಡಿ, ನಿಮಗೆ ಅದು ಚೆನ್ನಾಗಿ ಹೊಂದುತ್ತೆ. ಅವರು ಅಮ್ಮ, ನೀವು ಅಮ್ಮಮ್ಮ. ಒಂದು ಮೆಟ್ಟಿಲು ಮೇಲೇ ಆಯಿತು!

ಹೆರಿಗೆ ನಿಮ್ಮ ಮನೆಯಲ್ಲಿ ಅಂತ ಮಾತು ನಿಮ್ಮದೇ ನಡೆಯುತ್ತೆ ಅಂದುಕೊಳ್ಳಬೇಡಿ ಮತ್ತೆ. ಕುವೆಂಪು ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರ ಡಿಸೆಂಬರ್ 29ಕ್ಕೆ, ತಾಯಿಯ ತವರಿನಲ್ಲಿ. ಆದರೆ ಹೆಸರಿನಲ್ಲೇ ಕುಪ್ಪಳಿ ಇದೆ, ತೀರ್ಥಹಳ್ಳಿ ತಾಲ್ಲೂಕಿನಲ್ಲಿರುವ ಅಪ್ಪನ ಊರು. ಹೆತ್ತು ಕೊಟ್ಟಿದ್ದು ನಮ್ಮೂರು, ಹೆಸರು ಹೊಡೆದುಕೊಂಡಿದ್ದು ತೀರ್ಥಹಳ್ಳಿ. ತವರಿನ ಹಣೆಬರಹ ಅಷ್ಟೇ.

ಬೇಲೂರು ಮೇಷ್ಟ್ರು

ಕೊಪ್ಪದವರೇ, ಈ ಸಿಟ್ಟು ಇನ್ನೂ ಇಳಿದಿಲ್ವಾ?

ಕೊಪ್ಪದ ಮಳೆ

ಇಳಿಯೋದೂ ಇಲ್ಲ.

ಎರಡು ಕಡೆ ನೆಂಟ

ನಿಮ್ಮದೆಲ್ಲ ಸುಲಭದ ಲೆಕ್ಕ. ನಮ್ಮದು ಕೇಳಿ.

ನಮ್ಮಪ್ಪ ಮದುವೆಯಾಗಿದ್ದು ಅವರ ಸ್ವಂತ ಅಕ್ಕನ ಮಗಳನ್ನು. ನಮ್ಮ ಕಡೆ ಆಗ ಇದು ಮಾಮೂಲು. ಈಗ ಕಡಿಮೆಯಾಗಿದೆ. ಅಂದರೆ ಅಪ್ಪನ ಅಮ್ಮ ಯಾರೋ ಅವರೇ ಅಮ್ಮನ ಅಜ್ಜಿ. ನನಗೆ ಅವರು ಒಂದು ಕಡೆಯಿಂದ ಅಜ್ಜಿ, ಇನ್ನೊಂದು ಕಡೆಯಿಂದ ಮುತ್ತಜ್ಜಿ. ಅಮ್ಮನ ತಾಯಿ ನನಗೆ ಅಜ್ಜಿ, ಅಪ್ಪನ ಲೆಕ್ಕದಲ್ಲಿ ಸೋದರತ್ತೆ. ಅಮ್ಮ ಮದುವೆಯಾದ ಮೇಲೂ ಅತ್ತೆಯನ್ನು ಅಜ್ಜಿ ಅಂತಲೇ ಕರೆಯುತ್ತಿದ್ದಳು, ಚಿಕ್ಕಂದಿನ ಅಭ್ಯಾಸ ಎಲ್ಲಿ ಹೋಗುತ್ತೆ. ಅಪ್ಪ ಅತ್ತೆಯನ್ನು ಅಕ್ಕ ಅನ್ನುತ್ತಿದ್ದರು. ನಾನು ಇಬ್ಬರನ್ನೂ ನೋಡಿ, ದೊಡ್ಡವರನ್ನು ಅಜ್ಜಿ, ಚಿಕ್ಕವರನ್ನು ಅಕ್ಕಜ್ಜಿ ಅಂದೆ.

ಒಂದು ಲಾಭ ಇತ್ತು. ಬೀಗರ ಜಗಳ ಅನ್ನೋದೇ ಇರಲಿಲ್ಲ. ಎರಡೂ ಕಡೆ ಅವರೇ.

ಮಾತಿನ ಮನೆ

ಅಕ್ಕಜ್ಜಿ! ಇದನ್ನು ನಾನು ಕದಿಯುತ್ತೇನೆ.

ತೋಟದ ದಾರಿ

ಮೂಡಿಗೆರೆಯಿಂದ. ಹೆಸರು ಏನೇ ಇಡಿ, ಮಗು ಯಾರ ಜೊತೆ ಜಾಸ್ತಿ ಹೊತ್ತು ಇರುತ್ತೋ ಅವರ ಮಾತು ಕಲಿಯುತ್ತೆ. ನವೆಂಬರ್‌ನಿಂದ ಅರೇಬಿಕಾ ಕಾಫಿ ಹಣ್ಣು, ಅದು ಮುಗಿಯೋ ಹೊತ್ತಿಗೆ ರೊಬಸ್ಟಾ, ಮಾರ್ಚ್ ತನಕ ನಮಗೆ ತಲೆ ಎತ್ತೋಕೆ ಆಗಲ್ಲ. ಮಗಳು ಮಗುವನ್ನು ಕರೆದುಕೊಂಡು ಬಂದಿದ್ದಳು. ನಾನು ಕಣದಲ್ಲಿ, ಇವರು ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಹತ್ತಿರ. ಮಗುವನ್ನು ನೋಡಿಕೊಂಡವರು ತೋಟದ ಕೆಲಸದವರ ಲೈನ್ ಮನೆಯ ತಮಿಳು ಹೆಂಗಸು, ವಯಸ್ಸಾದವರು. ಅವರ ಮೊಮ್ಮಕ್ಕಳು ಪಾಟಿ, ಪಾಟಿ ಅಂತ ಸುತ್ತಲೂ ಇರುತ್ತವೆ.

ಕೊಯ್ಲು ಮುಗಿಸಿ ನಾನು ಕೈ ತೊಳೆದು ಎತ್ತಿಕೊಳ್ಳೋಕೆ ಹೋದರೆ ಮಗು ಆ ಕಡೆ ಕೈ ಚಾಚಿ "ಪಾತಿ" ಅಂತು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಹೆಂಗಸಿಗೆ ಮಾತ್ರ ಮುಜುಗರ, "ಅಜ್ಜಿ ಸೊಲ್ಲು, ಅಜ್ಜಿ ಸೊಲ್ಲು" ಅಂತ ಮಗುವಿಗೆ ಹೇಳಿಕೊಡುತ್ತಾ ಇದ್ದರು. ಈಗ ಮಗುವಿಗೆ ಅವರು ಪಾಟಿ, ನಾನು ಅಜ್ಜಿ. ಬಂದ ತಕ್ಷಣ ಕೇಳೋದು ಪಾಟಿ ಎಲ್ಲಿ ಅಂತಲೇ. ಇರಲಿ, ನೋಡಿಕೊಂಡವರು ಅವರು.

ಧಾರವಾಡದ ಅಳಿಯ

ನಾನು ಧಾರವಾಡದಂವ, ಹೆಂಡತಿ ಹಾಸನ, ನಮ್ಮ ಸೋದರ ಅಳಿಯ ಶಿರಸಿಯ ಹವ್ಯಕರ ಹುಡುಗ. ನಮ್ಮ ಮನೆಯಲ್ಲಿ ಅಜ್ಜಿಗೆ ಆಯಿ ಅಂತೀವಿ. ಅವರ ಮನೆಯಲ್ಲಿ ಆಯಿ ಅಂದ್ರೆ ಹೆತ್ತ ತಾಯಿ. ವಿಜಯಪುರದ ಚಿಕ್ಕಪ್ಪ ಬಂದರೆ ಅವರ ಮೊಮ್ಮಕ್ಕಳು ಮುತ್ಯಾ ಅಂತ ಓಡಿ ಬರುತ್ತವೆ. ನನ್ನ ಮಗಳು ಹಾಸನದ ತಾತ, ಧಾರವಾಡದ ಆಯಿ, ಚಿಕ್ಕ ಮುತ್ಯಾ ಅಂತ ಒಂದೂ ತಪ್ಪದೆ ಕರೆಯುತ್ತಾಳೆ. ಮಕ್ಕಳಿಗೆ ಗೊಂದಲ ಆಗುತ್ತೆ ಅನ್ನೋದು ನಮ್ಮ ಭಯ ಅಷ್ಟೇ. ಗೊಂದಲ ಆಗೋದು ಮದುವೆ ಮನೆಯಲ್ಲಿ ಫೋಟೋಗೆ ನಿಲ್ಲಿಸುವವನಿಗೆ. "ಆಯಿ ಬರ್ರೀ" ಅಂದರೆ ಇಬ್ಬರು ತಾಯಂದಿರು, ಇಬ್ಬರು ಅಜ್ಜಿಯರು ಒಟ್ಟಿಗೆ ಎದ್ದರು.

ಸಾಲಗಾಮೆ ರಸ್ತೆ

ಎಲ್ಲ ಓದುತ್ತಿದ್ದೇನೆ. ಸೊಸೆಯ ಖಾತೆಯವರು ಬರೆದದ್ದನ್ನು ಮಗಳಿಗೂ ತೋರಿಸಿದೆ. ಓದಿ ಸುಮ್ಮನಾದಳು. ಸ್ವಲ್ಪ ಹೊತ್ತಿನ ಮೇಲೆ "ನನಗೂ ಅಮ್ಮ ಅನ್ನಿಸಿಕೊಳ್ಳಬೇಕು ಅಂತ ಇದೆ, ಆದರೆ ಅತ್ತೆ ಹತ್ರ ನೀನು ಮಾತಾಡಬೇಡ" ಅಂದಳು. ಈಗ ನಾನು ಏನು ಮಾಡಲಿ? ಮಾತಾಡಲಾ, ಬಿಡಲಾ?

ದೊಡ್ಡಮ್ಮ ಅಂತ ಮಾಡಿದರೆ ಹೇಗೆ ಬೀಗಿತ್ತಿಗೆ? ಅಮ್ಮನೂ ಇರುತ್ತೆ, ಗೌರವವೂ ಇರುತ್ತೆ.

ಹಳೇ ಜಗಲಿ

ದೊಡ್ಡಮ್ಮ ಆಗಲ್ಲ ಕಣಮ್ಮ. ತಾಯಿಯ ಅಕ್ಕ, ದೊಡ್ಡಪ್ಪನ ಹೆಂಡತಿ, ಅವರದ್ದು ಆ ಪದ. ನಿಮ್ಮ ಅಳಿಯನಿಗೆ ಅಣ್ಣ ಇದ್ದರೆ ಅವರ ಹೆಂಡತಿ ಬಂದು ಜಗಳ ಮಾಡುತ್ತಾಳೆ. ದೊಡ್ಡಜ್ಜಿ ಅನ್ನಬಹುದು. ಅದನ್ನು ನಿಮ್ಮತ್ತೆಗೆ ಇಡಿ, ಮುತ್ತಜ್ಜಿ ಅನ್ನೋದಕ್ಕಿಂತ ಕೇಳೋಕೆ ಚೆನ್ನಾಗಿದೆ. ಮುತ್ತಜ್ಜಿ ಅಂದರೆ ಅವರಿಗೆ ಈಗಲೇ ಹೊರಡು ಅಂದ ಹಾಗೆ ಕೇಳಿಸಬಹುದು.

ಮಾತಾಡೋದಾ ಬಿಡೋದಾ ಅಂದರೆ, ಮಗಳು ಬೇಡ ಅಂದ ಮೇಲೆ ಬೀಗರ ಹತ್ತಿರ ದೂರಿನ ದನಿಯಲ್ಲಿ ಹೋಗಬೇಡಿ. ಆದರೆ ಅವರು ಯಾಕೆ ಅಮ್ಮ ಆದರು ಅಂತ ಕೇಳೋದರಲ್ಲಿ ತಪ್ಪೇನಿದೆ? ಕೇಳೋದೇ ಬೇರೆ, ತಕರಾರು ಬೇರೆ.

ಹೆಸರಿನ ಬಗ್ಗೆ ಇನ್ನೊಂದು ಹೇಳಿಬಿಡುತ್ತೇನೆ. ನಮ್ಮಲ್ಲಿ ಮೊದಲ ಮೊಮ್ಮಗನಿಗೆ ತಾತನ ಹೆಸರು ಇಡುತ್ತಿದ್ದರು. ಆದರೆ ಅಜ್ಜಿ ಗಂಡನ ಹೆಸರು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಸೊಸೆಯೂ ಮಾವನ ಹೆಸರು ಹೇಳಲ್ಲ. ಮಗುವನ್ನು ಕರೆಯೋದು ಹೇಗೆ? ಅದಕ್ಕೇ ಊರ ತುಂಬ ಪುಟ್ಟ, ಪಾಪಣ್ಣ, ಅಪ್ಪಯ್ಯ, ದೊರೆ. ನಮ್ಮಣ್ಣನಿಗೆ ತಾತನ ಹೆಸರು. ಅವನು ರಿಟೈರ್ ಆದ ಮೇಲೂ ಊರಲ್ಲಿ ಎಲ್ಲರಿಗೂ ಪುಟ್ಟನೇ. ಪತ್ರದಲ್ಲಿ ಇರೋ ಹೆಸರು ಬ್ಯಾಂಕಿನವರಿಗೆ ಮಾತ್ರ ಗೊತ್ತು. ಆಗ ಮಗುವನ್ನು ಏನಂತ ಕರೆಯೋದು ಅನ್ನೋದೇ ತೊಂದರೆ ಇತ್ತು. ಈಗ ನಿಮಗೆ ಮಗು ಏನಂತ ಕರೆಯುತ್ತೆ ಅನ್ನೋದು.

ಕಡೂರಿನಿಂದ ಡಲ್ಲಾಸ್

ಮೊಮ್ಮಗಳು ಇಲ್ಲೇ ಹುಟ್ಟಿದ್ದು. ನಾವು ಆರು ತಿಂಗಳು ಇಲ್ಲಿ, ಉಳಿದದ್ದು ಕಡೂರಿನಲ್ಲಿ. ಇಲ್ಲಿಯ ಮಕ್ಕಳ ಡಾಕ್ಟರುಗಳ ಸಂಘ 2016ರಲ್ಲಿ ಒಂದು ಸಲಹೆ ಕೊಟ್ಟಿದೆ. ಹದಿನೆಂಟು ತಿಂಗಳ ಒಳಗಿನ ಮಕ್ಕಳಿಗೆ ಟಿವಿ, ಮೊಬೈಲ್ ಬೇಡ, ವಿಡಿಯೊ ಕಾಲ್ ಮಾತ್ರ ಪರವಾಗಿಲ್ಲ ಅಂತ. ಮಗ ಅದನ್ನು ಗಟ್ಟಿಯಾಗಿ ಹಿಡಿದುಕೊಂಡ. ಮೊಬೈಲ್ ಹೊರಗೆ ಬಂತು ಅಂದರೆ ಅದರೊಳಗೆ ನಾವೇ ಇರಬೇಕು. ಹಾಗಾಗಿ ಮೊಮ್ಮಗಳಿಗೆ ಮೊಬೈಲಿನ ಹೆಸರೇ ತಾತ ಆಯಿತು! ಸೊಸೆ ಆಫೀಸಿನ ಫೋನ್ ಎತ್ತಿದರೂ "ತಾತ, ತಾತ" ಅಂತ ಓಡಿ ಬರುತ್ತಿದ್ದಳು. ನಾನು ಎದುರಿಗೆ ಬಂದು ನಿಂತಾಗ ಮಾತ್ರ ಅಮ್ಮನ ಹಿಂದೆ ಅಡಗಿಕೊಂಡಳು.

ಈಗ ಸರಿಹೋಗಿದೆ. ದೂರ ಇರುವವರಿಗೆ ಒಂದು ಮಾತು. ಕರೆ ಮಾಡಿದಾಗ ಸುಮ್ನೆ "ಏನು ತಿಂದೆ, ಹೇಗಿದೀಯ" ಅಂತ ಕೇಳಿದರೆ ಮಗು ಎದ್ದು ಹೋಗುತ್ತೆ. ಪ್ರತಿ ಸಲ ಒಂದೇ ಕೆಲಸ ಮಾಡಿ. ನಾನು ತೆಂಗಿನ ತೋಟದಲ್ಲಿ ನಿಂತು ಕಾಯಿ ತೋರಿಸುತ್ತಿದ್ದೆ. ಅದಕ್ಕೆ ಸ್ವಲ್ಪ ದಿನ ಕಾಯಿ ತಾತ ಆಗಿದ್ದೆ.

ಸರತಿ ಸಾಲು

ಇದನ್ನೂ ಯೋಚಿಸಿ. ಮುದ್ದಿನ ಹೆಸರು ಏನಾದರೂ ಇರಲಿ, ಮಗುವಿಗೆ ಅಜ್ಜಿ ತಾತನ ನಿಜವಾದ ಹೆಸರು ಹೇಳಿಕೊಡಿ.

ಹಾಸನಾಂಬೆ ಬಾಗಿಲು ತೆಗೆಯೋದು ವರ್ಷಕ್ಕೆ ಒಂದೇ ಸಲ ಅಂತ ನಿಮಗೆಲ್ಲ ಗೊತ್ತು. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರದಿಂದ ದೀಪಾವಳಿ ತನಕ ಜನವೋ ಜನ. ನಾನು ಸಾಲಿನಲ್ಲಿ ನೀರು ಕೊಡುವ ಸೇವೆಗೆ ಹೋಗುತ್ತೇನೆ. ಒಂದು ಸಲ ನಾಲ್ಕು ವರ್ಷದ ಹುಡುಗ ಕೈ ತಪ್ಪಿಸಿಕೊಂಡು ಅಳುತ್ತಿದ್ದ. ಯಾರ ಜೊತೆ ಬಂದೆ ಅಂದರೆ ಅಮ್ಮ ಅಂದ. ನಾವು ವಯಸ್ಸಿನ ಹೆಂಗಸರನ್ನೆಲ್ಲ ಬಿಟ್ಟು ಚಿಕ್ಕ ವಯಸ್ಸಿನ ತಾಯಂದಿರನ್ನೇ ಹುಡುಕಿದೆವು. ಮೈಕಿನಲ್ಲೂ "ಮಗುವಿನ ತಾಯಿ ಎಲ್ಲಿದ್ದರೂ ಬರಬೇಕು" ಅಂತಲೇ ಕೂಗಿಸಿದರು. ಅಜ್ಜಿ ಅಲ್ಲೇ ನಾಲ್ಕು ಹೆಜ್ಜೆ ದೂರದಲ್ಲಿ ಹುಡುಗನ ಹೆಸರು ಕೂಗುತ್ತಾ ಅಳುತ್ತಿದ್ದರು. ತಾಯಿಯನ್ನು ಕರೆಯುತ್ತಿದ್ದಾರಲ್ಲ, ನಮ್ಮ ಹುಡುಗನಲ್ಲ ಅಂದುಕೊಂಡರಂತೆ. ಹುಡುಗನ ತಾಯಿ ಬೆಂಗಳೂರಿನಲ್ಲಿ ಆಫೀಸಿನಲ್ಲಿದ್ದಳು.

ಸಿಕ್ಕಿದ, ಗಾಬರಿ ಬೇಡ. ಆದರೆ ಆ ದಿನದಿಂದ ಜಾತ್ರೆಗೆ ಬರುವವರಿಗೆಲ್ಲ ಹೇಳುತ್ತೇನೆ, ಮಗುವಿನ ಜೇಬಿನಲ್ಲಿ ಫೋನ್ ನಂಬರ್ ಚೀಟಿ ಇಡಿ ಅಂತ. ಪ್ಲೇ ಸ್ಕೂಲಿನಿಂದ ಕರೆದುಕೊಂಡು ಬರುವಾಗಲೂ ಇದೇ ಕಥೆ. "ಅಮ್ಮ ಬಂದಿದ್ದಾರೆ" ಅಂತ ಮಗು ಹೇಳಿದರೆ ಟೀಚರ್ ಯಾವ ಅಮ್ಮ ಅಂತ ಕೇಳಬೇಕಲ್ವಾ.

ಪೆನ್ಷನ್ ಮೊಹಲ್ಲಾ

ಇದು ಒಳ್ಳೆ ಮಾತು. ನಮ್ಮ ಮನೆಯ ಹುಡುಗನಿಗೆ ದಾದಾನ ಹೆಸರು ಕೇಳಿದೆ ಈಗಷ್ಟೇ. "ದಾದಾ" ಅಂದ. ಪೂರ್ತಿ ಹೆಸರು ಅಂದೆ. "ನಮ್ಮ ದಾದಾ" ಅಂದ.

ಅತ್ತೆ ಮನೆ ಆಲೂರು

ನಾನೊಂದು ಕೇಳಲಾ, ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತೆ. ನಮ್ಮ ಯಜಮಾನರನ್ನು ಬೆಳೆಸಿದ್ದು ಅವರ ಸೋದರತ್ತೆ. ಗಂಡ ಬೇಗ ತೀರಿಕೊಂಡರು, ತವರಿಗೆ ಬಂದವರು ಇಲ್ಲೇ ಉಳಿದರು. ಸ್ವಂತ ಮಕ್ಕಳಿಲ್ಲ. ಮನೆಯಲ್ಲಿ ಎಲ್ಲರಿಗೂ ಅತ್ತೆ. ನಮ್ಮ ಮಗುವೂ ಅತ್ತೆ ಅಂತಲೇ ಶುರು ಮಾಡಿದೆ. ಲೆಕ್ಕದ ಪ್ರಕಾರ ಅಜ್ಜಿ ಆಗಬೇಕು. ಅವರು ಬಾಯಿಬಿಟ್ಟು ಕೇಳುವವರಲ್ಲ. ಆದರೆ ಅತ್ತೆ ಅಂದಾಗ ಮುಖ ನೋಡಿದರೆ ಗೊತ್ತಾಗುತ್ತೆ.

ಹಳೇ ಜಗಲಿ

ಇವತ್ತಿನಿಂದಲೇ ಅಜ್ಜಿ ಅನ್ನಿ. ಮೊದಲು ನೀವು ಅನ್ನಿ, ಮಗುವಿನ ಎದುರು. "ಅಜ್ಜಿಗೆ ಕಾಫಿ ಕೊಟ್ಟು ಬಾ" ಅಂತ ಕಳಿಸಿ. ಇದರಲ್ಲಿ ಚರ್ಚೆ ಏನೂ ಇಲ್ಲ.

ಅತ್ತೆ ಮನೆ ಆಲೂರು

ಸರಿ ಅಮ್ಮ.

ಸಾಲಗಾಮೆ ರಸ್ತೆ

ಕೇಳಿದೆ. ಜಗಲಿ ಅಮ್ಮ ಹೇಳಿದ ಹಾಗೆ ತಕರಾರು ಮಾಡದೆ ಕೇಳಿದೆ. ಫೋನ್ ಮಾಡಿ ಅಡಿಕೆ ರೇಟು, ಮಳೆ ಎಲ್ಲ ಮಾತಾಡಿ, ನಿಮ್ಮನ್ನ ಮಕ್ಕಳು ಅಮ್ಮ ಅನ್ನೋದು ಹೇಗೆ ಶುರುವಾಯಿತು ಅಂದೆ.

ಅವರ ಮಗಳ ಮಕ್ಕಳು ಇಬ್ಬರು ಚಿಕ್ಕಂದಿನಲ್ಲಿ ಅಲ್ಲೇ ಬೆಳೆದವರಂತೆ. ಆ ಮಗಳು ತಾಯಿಯನ್ನು ಅಮ್ಮ ಅಂತ ಕರೆಯೋದು ಕೇಳಿ ಅವೂ ಅಮ್ಮ ಅಂದವು. ತಮ್ಮ ತಾಯಿಯನ್ನು ಅವು ಆಯಿ ಅಂತಾವೆ, ಅಳಿಯ ಶಿರಸಿ ಕಡೆಯವರು. ಅಂದರೆ ಅಲ್ಲಿ ಹೆತ್ತವಳಿಗೂ ಪದ ಇತ್ತು, ಯಾರ ಮನಸ್ಸಿಗೂ ನೋವಾಗಿರಲಿಲ್ಲ. ನಮ್ಮ ಮನೆಯ ವಿಷಯ ಬೇರೆ ಅಂತ ಅವರಿಗೆ ಹೊಳೆದೇ ಇರಲಿಲ್ಲ. ನಾನು ಏನೂ ಹೇಳೋಕೆ ಮೊದಲೇ ಅವರೇ, "ಅಯ್ಯೋ, ಹಾಗಾದ್ರೆ ನಿಮ್ಮ ಮಗಳನ್ನ ಮಗು ಏನನ್ನುತ್ತೆ?" ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

ದೊಡ್ಡ ಮೊಮ್ಮಕ್ಕಳು ಅಮ್ಮ ಅನ್ನೋದನ್ನು ಈಗ ಬಿಡಿಸೋಕೆ ಆಗಲ್ಲ, ಅದು ಸರಿಯೂ ಅಲ್ಲ. ಚಿಕ್ಕದು ಅವರ ಬಾಯಿ ನೋಡಿ ಕಲಿಯುತ್ತೆ. ಹಾಗಾಗಿ ಅವರೇ ಒಂದು ದಾರಿ ಹೇಳಿದರು. ನಮ್ಮ ಮಗುವಿನ ಎದುರು ಮನೆಯವರೆಲ್ಲ ಅವರನ್ನು ಅಜ್ಜಮ್ಮ ಅನ್ನೋದು, ಮಗಳನ್ನು ಅಮ್ಮ ಅನ್ನೋದು. ದೊಡ್ಡ ಮಕ್ಕಳು ಏನಾದರೂ ಅಂದುಕೊಳ್ಳಲಿ. ನಡೆಯುತ್ತೋ ಇಲ್ಲವೋ ಗೊತ್ತಿಲ್ಲ, ಆದರೆ ಒಪ್ಪಿದರು. ಅಳಿಯನಿಗೂ ಅವರೇ ಹೇಳುತ್ತಾರಂತೆ. ಮಗಳಿಗೆ ಹೇಳಿದೆ. ಮಾತಾಡಬೇಡ ಅಂದಿದ್ದೆ ಅಲ್ವಾ ಅಂತ ಒಂದು ಸಲ ಬೈದು, ಆಮೇಲೆ ಅವರಿಗೇ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದಳು.

ನಮ್ಮತ್ತೆಗೆ ದೊಡ್ಡಜ್ಜಿ ಅಂದೆ. "ಯಾವುದಾದ್ರೂ ಅನ್ನಲಿ, ಕೂಗಿದ್ರೆ ನನಗೆ ಕೇಳಿಸಬೇಕಲ್ಲ" ಅಂದರು. ಅಲ್ಲಿಗೆ ಅಜ್ಜಿ ಪಟ್ಟ ನನಗೇ ಬಂತು.

ಉಳಿದವರು ನಮ್ಮ ಯಜಮಾನರು. ಅಪ್ಪಾಜಿ ಅನ್ನಿಸಿಕೊಳ್ಳುತ್ತೇನೆ ಅಂತಾರೆ, ರಾಜ್‌ಕುಮಾರ್ ಅಭಿಮಾನಿ.

ಬೇಲೂರು ಮೇಷ್ಟ್ರು

ಅಪ್ಪಾಜಿ ಅಂದರೆ ಅಳಿಯ ಏನಾಗಬೇಕು ಮೇಡಂ? ಮತ್ತೆ ಮೊದಲಿಂದ ಶುರು ಮಾಡೋಣವಾ?

ಮಾತಿನ ಮನೆ

ಸರ್‌ಗೆ ಹೇಳಿ, ಮಗು ತ ತ ತ ಅಂತ ಶುರು ಮಾಡೋದು ಹೇಗಿದ್ದರೂ ತಪ್ಪಲ್ಲ. ಆಗ ಶಟಲ್ ಬ್ಯಾಟ್ ಕೆಳಗಿಟ್ಟು ಓಡಿ ಬರುವವರು ಅವರೇ.

ಸಾಲಗಾಮೆ ರಸ್ತೆ

ಓದಿ ಹೇಳಿದೆ. "ಆಗ ನೋಡೋಣ" ಅಂದರು. ಎಲ್ಲರಿಗೂ ಥ್ಯಾಂಕ್ಸ್. ಬಾಣಂತಿಗೆ ಕೊಡುವ ಲೇಹ ಹಾಸನದಲ್ಲಿ ಮನೆಯಲ್ಲೇ ಮಾಡಿ ಕೊಡುವವರು ಯಾರಾದರೂ ಗೊತ್ತಿದ್ದರೆ ತಿಳಿಸಿ, ಅದಕ್ಕೆ ಬೇರೆ ಚರ್ಚೆ ಶುರು ಮಾಡುತ್ತೇನೆ.